ರಾಟ್‌ವೀಲರ್‌ಗೆ ಅಂತ ಕರೆಸಿದ ಡಾಗ್ ಟ್ರೈನರ್ ಪಾಠ ಮಾಡಿದ್ದು ನಮ್ಮ ಮನೆಯೋರಿಗೆ: ಮೈಸೂರಿಂದ ಒಂದು ರಿವ್ಯೂ

ಮೈಸೂರಲ್ಲಿ ದೊಡ್ಡ ನಾಯಿ ಸಾಕ್ತಿರೋರಿಗೆ, ಇಲ್ಲಾಂದ್ರೆ ಯಾರೋ ಬೇಡ ಅಂತ ಬಿಟ್ಟ ರಾಟ್‌ವೀಲರೋ ಪಿಟ್‌ಬುಲ್ಲೋ ಮನೆಗೆ ತಂದ್ಕೊಂಡು ಈಗ ಏನ್ ಮಾಡೋದು ಅಂತ ಕೂತಿರೋರಿಗೆ ಈ ರಿವ್ಯೂ ಬರೀತಿದೀನಿ. ನಾವು ತಗೊಂಡಿದ್ದು ಮನೆಗೇ ಬಂದು ಹೇಳ್ಕೊಡೋ ಟ್ರೈನಿಂಗ್ ಸರ್ವೀಸ್. ಒಬ್ರೇ ನಡೆಸ್ತಾರೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಆಫೀಸು ಬೋರ್ಡು ಏನೂ ಇಲ್ಲ, ಒಂದು ಸ್ಕೂಟರು, ಒಂದು ಬ್ಯಾಗು ಅಷ್ಟೆ. ಹೆಸರು ನಂಬರ್ ಎಲ್ಲೂ ಹಾಕ್ಬೇಡಿ ಅಂತ ಕೇಳ್ಕೊಂಡಿದಾರೆ, ಒಂದು ಟೈಮಲ್ಲಿ ನಾಲ್ಕೈದು ಮನೆಗಿಂತ ಜಾಸ್ತಿ ತಗೊಳಲ್ವಂತೆ, ಪಶುವೈದ್ಯರು ಕಳಿಸಿದ್ರೆ ಮಾತ್ರ ಬರ್ತಾರೆ. ಹಾಗಾಗಿ ಹೆಸರು ಹೇಳಲ್ಲ, ಆದ್ರೆ ಒಳ್ಳೆ ಟ್ರೈನರ್ ಅಂದ್ರೆ ಏನ್ ಮಾಡ್ತಾರೆ ಏನ್ ಮಾಡಲ್ಲ ಅನ್ನೋದು ವಿವರವಾಗಿ ಹೇಳ್ತೀನಿ, ನಿಮ್ಮೂರಲ್ಲಿ ಹುಡುಕೋವಾಗ ಉಪಯೋಗಕ್ಕೆ ಬರತ್ತೆ.

ಮೊದ್ಲು ನಾಯಿ ಬಗ್ಗೆ ಹೇಳ್ಬೇಕು. ಹೆಸರು ಭೀಮ, ಗಂಡು ರಾಟ್‌ವೀಲರ್, ನಮ್ಮನೆಗೆ ಬಂದಾಗ ಎರಡೂವರೆ ವರ್ಷ. ಮಂಡ್ಯದಲ್ಲಿ ನಮ್ ಚಿಕ್ಕಪ್ಪನ ಮನೇಲಿತ್ತು. 2024ರ ಮಾರ್ಚ್ 12ಕ್ಕೆ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯವರು ಎಲ್ಲಾ ರಾಜ್ಯಗಳಿಗೆ ಒಂದು ಪತ್ರ ಕಳಿಸಿದ್ರಲ್ಲ, ಪಿಟ್‌ಬುಲ್, ರಾಟ್‌ವೀಲರ್, ಅಕಿಟಾ, ಕೇನ್ ಕೋರ್ಸೋ, ಬೋರ್‌ಬೋಲ್, ಕಂಗಾಲ್ ಅಂತ 23 ತಳಿ ಪಟ್ಟಿ ಮಾಡಿ ಇವನ್ನ ತರಿಸೋ ಹಾಗಿಲ್ಲ, ಮರಿ ಮಾಡ್ಸೋ ಹಾಗಿಲ್ಲ, ಮಾರೋ ಹಾಗಿಲ್ಲ, ಈಗಾಗ್ಲೇ ಸಾಕಿರೋವಕ್ಕೆ ಸಂತಾನಹರಣ ಆಪರೇಷನ್ ಮಾಡಿಸ್ಬೇಕು ಅಂತ, ಆ ಸುದ್ದಿ ಟೀವೀಲಿ ಬಂದಿದ್ದೇ ತಡ ಅಕ್ಕಪಕ್ಕದ ಮನೆಯೋರೆಲ್ಲ ಚಿಕ್ಕಪ್ಪನ ಮೇಲೆ ಬಿದ್ರು. ಅವ್ರಿಗೂ ಮೊದ್ಲಿಂದ ಭಯ ಇತ್ತು, ಊರಾಚೆ ಯಾವ್ದಾದ್ರೂ ತೋಟದಲ್ಲಿ ಬಿಟ್ಟು ಬರ್ತೀನಿ ಅಂದ್ರು. 45 ಕೆಜಿ ತೂಗೋ, ಜನರ ಜೊತೆ ಸರಿಯಾಗಿ ಬೆರೆತು ಗೊತ್ತೇ ಇಲ್ದಿರೋ ನಾಯೀನ ಹಾಗೆ ಬಿಟ್ರೆ ಅದಕ್ಕೂ ಅಪಾಯ, ದಾರೀಲಿ ಹೋಗೋರಿಗೂ ಅಪಾಯ. ಅಮ್ಮ ಫೋನಲ್ಲೇ "ಬೇಡ ಕಣಪ್ಪ, ನಾವ್ ನೋಡ್ಕೋತೀವಿ, ಇಲ್ಲಿಗೆ ಕಳ್ಸು" ಅಂದ್ಬಿಟ್ರು. ಬಂತು.

ಆ ಪತ್ರದ ಕತೆ ಮುಂದೇನಾಯ್ತು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ಈಗ್ಲೂ "ರಾಟ್‌ವೀಲರ್ ಬ್ಯಾನ್ ಅಲ್ವಾ?" ಅಂತ ಕೇಳ್ತಾರೆ. ನಮ್ಮ ಕರ್ನಾಟಕ ಹೈಕೋರ್ಟೇ ಮಾರ್ಚ್‌ನಲ್ಲಿ ಅದಕ್ಕೆ ತಡೆ ಕೊಟ್ಟು, ಏಪ್ರಿಲ್ 10ಕ್ಕೆ ರದ್ದು ಮಾಡ್ತು. ಸಂಬಂಧಪಟ್ಟೋರನ್ನ ಯಾರನ್ನೂ ಕೇಳ್ದೆ ಇದನ್ನ ಹೊರಡ್ಸಿದೀರಿ, ಬೇಕಾದ್ರೆ ಎಲ್ಲರ ಜೊತೆ ಚರ್ಚೆ ಮಾಡಿ ಕಾನೂನು ಪ್ರಕಾರ ಹೊಸದಾಗಿ ಮಾಡಿ ಅನ್ನೋ ಅರ್ಥದಲ್ಲಿ. ಅದು ಸರಿಯಾದ ತೀರ್ಪು ಅಂತ ನನ್ನ ಅಭಿಪ್ರಾಯ. ಆದ್ರೆ ಆ ಪತ್ರ ಸುಮ್ನೆ ಗಾಳಿಯಿಂದ ಬಂದಿದ್ದಲ್ಲ ಅನ್ನೋದನ್ನೂ ಒಪ್ಕೋಬೇಕು. 2022ರ ಜುಲೈನಲ್ಲಿ ಲಕ್ನೋದಲ್ಲಿ 82 ವರ್ಷದ ಅಜ್ಜಿಯೊಬ್ರನ್ನ ಅವ್ರ ಮನೆ ಪಿಟ್‌ಬುಲ್ಲೇ ಕಚ್ಚಿ ಕೊಂದಿದ್ದು ನಿಜ. ಕೋರ್ಟ್ ತೀರ್ಪು ಬಂದು ಒಂದು ತಿಂಗ್ಳೊಳಗೆ ಚೆನ್ನೈನ ಪಾರ್ಕಲ್ಲಿ 5 ವರ್ಷದ ಹುಡುಗಿ ಮೇಲೆ ಎರಡು ರಾಟ್‌ವೀಲರ್ ಬಿದ್ದಿದ್ದೂ ನಿಜ. ನಮ್ಮನೇಲಿ 7 ವರ್ಷದ ಮಗಳಿದಾಳೆ, ಮಂಡಿ ನೋವಿರೋ ಅಮ್ಮ ಇದಾರೆ. "ನಾಯಿಗಳೆಲ್ಲ ದೇವ್ರಂಥವು, ಮನುಷ್ಯರೇ ಕೆಟ್ಟೋರು" ಅಂತ ಹೇಳ್ಕೊಂಡು ಕೂರೋಕೆ ಆಗಲ್ಲ ನಮಗೆ.

ಮನೆ ಟ್ರೈನರ್ ಸಿಗೋಕೆ ಮುಂಚೆ ಊರಾಚೆ ಇರೋ ಒಂದು ಕೆನಲ್‌ಗೆ ಹೋಗಿ ನೋಡ್ಕೊಂಡು ಬಂದ್ವಿ, ಭೀಮನ್ನ ಕರ್ಕೊಂಡು ಹೋಗಿರ್ಲಿಲ್ಲ, ವಿಚಾರಿಸೋಕೆ ಅಷ್ಟೆ. ಅದರ ಬಗ್ಗೇನೂ ಹೇಳ್ಲೇಬೇಕು, ಯಾಕಂದ್ರೆ ತುಂಬಾ ಜನ ಇಂಥ ಕಡೆ ದುಡ್ಡು ಕಟ್ತಾರೆ. ಅವ್ರ ಪ್ಯಾಕೇಜು ತಿಂಗಳಿಗೆ 25 ಸಾವಿರ, ನಾಯಿ ಅಲ್ಲೇ ಬಿಟ್ಟೋಗ್ಬೇಕು, ಮೊದಲ ಎರಡು ವಾರ ಮನೆಯೋರು ಬಂದು ನೋಡೋ ಹಾಗಿಲ್ಲ. ಯಾಕೆ ಅಂತ ಕೇಳಿದ್ರೆ "ನಿಮ್ಮನ್ನ ನೋಡಿದ್ರೆ ಅದು ಮಾತು ಕೇಳಲ್ಲ" ಅಂದ್ರು. ಅಲ್ಲಿ ಒಂದು ಡಾಬರ್‌ಮನ್‌ನ ತೋರ್ಸಿದ್ರು, ಕುತ್ತಿಗೇಲಿ ಒಳಮುಖವಾಗಿ ಮುಳ್ಳು ಇರೋ ಕಾಲರ್, ಹುಡುಗ ಒಬ್ಬ ಕೈಗೆ ದಪ್ಪ ಗೋಣಿ ಸುತ್ಕೊಂಡು ಎದುರಿಗೆ ಬಂದು ಕೆಣಕ್ತಾನೆ, ನಾಯಿ ಹಾರಿ ಕಚ್ಕೊಂಡು ನೇತಾಡತ್ತೆ, ಎಲ್ರೂ ಚಪ್ಪಾಳೆ. ನಾನು ನೋಡಿದ್ದು ಆ ನಾಯಿ ಬಾಲ. ಪೂರ್ತಿ ಹೊಟ್ಟೆ ಕೆಳಗೆ ಸೇರ್ಕೊಂಡಿತ್ತು. ಹುಡುಗ ದೂರ ಹೋದ್ಮೇಲೂ ಅದು ನಡುಗ್ತಾನೇ ಇತ್ತು. ಆ ನಾಯೀದು ಯಾವುದೋ ಲೇಔಟಿನ ಮಾಮೂಲಿ ಮನೆ, ಅಂಗಡಿ ಇಟ್ಕೊಂಡಿರೋ ಗಂಡ ಹೆಂಡ್ತಿ, ಸ್ಕೂಲಿಗೆ ಹೋಗೋ ಇಬ್ರು ಮಕ್ಕಳು. ಅಂಥ ಮನೆಗೆ ಕೈ ಎತ್ತಿದೋರನ್ನ ಕಚ್ಚೋಕೆ ಕಲ್ತಿರೋ ನಾಯಿ ವಾಪಸ್ ಹೋಗತ್ತೆ, ಆ ಮಕ್ಕಳ ಫ್ರೆಂಡ್ಸು ಆಟಕ್ಕೆ ಬಂದು ಕೈ ಎತ್ತಿ ಕೂಗಾಡಲ್ವಾ? ಇದನ್ನ ಕೇಳಿದೆ. "ಅದಕ್ಕೇ ಸರ್ ಕಟ್ಟಾಕೋದು" ಅಂದ್ರು. ಅಲ್ಲಿಂದ ಎದ್ದು ಬಂದ್ವಿ. ಪೊಲೀಸ್ ಶ್ವಾನದಳದಲ್ಲಿ, ಮಿಲಿಟರೀಲಿ ಇಂಥ ತರಬೇತಿ ಕೊಡೋದು ಬೇರೆ ವಿಷ್ಯ, ಅಲ್ಲಿ ಒಂದು ನಾಯಿಗೆ ಅಂತಾನೇ ಹ್ಯಾಂಡ್ಲರ್ ಇರ್ತಾನೆ, ದಿನಾ ಪ್ರಾಕ್ಟೀಸ್ ಇರತ್ತೆ, ಬಿಡು ಅಂದ್ರೆ ಬಿಡತ್ತೆ. ಮನೆಗಳಿಗೆ ಇದನ್ನ ಮಾರೋದು ತಪ್ಪು ಅಂತ ನಾನು ನೇರವಾಗೇ ಹೇಳ್ತೀನಿ.

ಈಗ ನಮ್ಮ ಟ್ರೈನರ್ ವಿಷ್ಯಕ್ಕೆ ಬರೋಣ. ಫೋನಲ್ಲೇ ಮೊದಲ ವ್ಯತ್ಯಾಸ ಗೊತ್ತಾಯ್ತು. ರೇಟ್ ಹೇಳೋಕೆ ಮುಂಚೆ ಅವ್ರು ಕೇಳಿದ್ದು, ಮನೇಲಿ ಯಾರ್ಯಾರಿದಾರೆ, ನಾಯಿ ದಿನಕ್ಕೆ ಎಷ್ಟು ಹೊತ್ತು ಚೈನಲ್ಲಿರತ್ತೆ, ಇದುವರೆಗೆ ಯಾರನ್ನಾದ್ರೂ ಕಚ್ಚಿದ್ಯಾ, ಕಚ್ಚಿದ್ರೆ ಗಾಯ ಎಷ್ಟು ಆಳ, ರೇಬೀಸ್ ಇಂಜೆಕ್ಷನ್ ಆಗಿದ್ಯಾ, ಕೊನೇ ಸಲ ಡಾಕ್ಟ್ರಿಗೆ ತೋರ್ಸಿದ್ದು ಯಾವಾಗ. ಡಾಕ್ಟ್ರಿಗೆ ತೋರಿಸ್ದೆ ನಾನು ಬರಲ್ಲ ಅಂದ್ರು. ಸರಿ ಅಂತ ಕರ್ಕೊಂಡೋದ್ವಿ, ನೋಡಿದ್ರೆ ಎಡಗಿವಿ ಒಳಗೆ ಹಳೇ ಸೋಂಕು, ಮುಟ್ಟಿದ್ರೆ ಕಿರುಚೋವಷ್ಟು ನೋವು. ಚಿಕ್ಕಪ್ಪನ ಮನೇಲಿ "ತಲೆ ಸವರೋಕೆ ಹೋದ್ರೆ ಬಾಯಿ ಹಾಕತ್ತೆ, ತಳಿ ಬುದ್ಧಿ" ಅಂತ ಹೇಳ್ತಿದ್ರು. ಕಿವಿಗೆ ಡ್ರಾಪ್ಸು ಮಾತ್ರೆ ಶುರು ಮಾಡಿ ಕೆಲವು ವಾರ ಆದ್ಮೇಲೆ ತಲೆ ಹತ್ರ ಕೈ ಹೋದ್ರೆ ಅದು ಮುಖ ತಿರುಗಿಸ್ಕೊಳೋದೇ ಕಮ್ಮಿ ಆಯ್ತು. ಕಿವಿ ನೋವು, ಸೊಂಟದ ಕೀಲು ನೋವು, ಹಲ್ಲು ನೋವು, ಇಂಥವಕ್ಕೆ ಕಚ್ಚೋ ನಾಯಿಗಳು ಬೇಕಾದಷ್ಟಿವೆಯಂತೆ, ಅದಕ್ಕೇ ಡಾಕ್ಟ್ರು ಮೊದ್ಲು, ನಾನು ಆಮೇಲೆ ಅನ್ನೋದು ಅವ್ರ ರೂಲು.

ಮೊದಲ ದಿನ ಬಂದಾಗ ಅವ್ರು ಭೀಮನ್ನ ಮುಟ್ಲೇ ಇಲ್ಲ. ಮಾತೂ ಆಡ್ಸಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಲೂ ಇಲ್ಲ. ವರಾಂಡದಲ್ಲಿ ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತ್ಕೊಂಡು ನಮ್ಮ ಜೊತೆ ಕಾಫಿ ಕುಡೀತಾ ಮಾತಾಡ್ತಿದ್ರು. ಆಮೇಲೆ ಊಟದ ಬಟ್ಟಲು ಇಡಿ ಅಂದ್ರು. ಇಟ್ವಿ. ಅದು ತಿನ್ನೋಕೆ ಶುರು ಮಾಡಿದ್ಮೇಲೆ ನನ್ನ ದೂರದಿಂದ ನಿಧಾನಕ್ಕೆ ನಡ್ಕೊಂಡು ಬನ್ನಿ ಅಂದ್ರು, ಮನೆಯೋರಿಗೆಲ್ಲ ಅದರ ಮುಖ ನೋಡ್ತಿರಿ, ಬೇರೆ ಏನೂ ನೋಡ್ಬೇಡಿ ಅಂದ್ರು. ನಾನು ಇನ್ನೂ ಆರೇಳು ಅಡಿ ದೂರ ಇದ್ದಾಗ ಅದು ಜಗಿಯೋದು ನಿಲ್ಲಿಸ್ತು. ತಲೆ ಬಟ್ಟಲ ಮೇಲೇ, ಮೈ ಮಾತ್ರ ಮರದ ತುಂಡಿನ ಹಾಗೆ ಬಿಗಿ ಆಯ್ತು. ಕಣ್ಣು ನನ್ನ ಕಡೆ ಓರೆ ಆಗಿ ಬಿಳಿ ಭಾಗ ಚಂದ್ರನ ಹಾಗೆ ಕಾಣಿಸ್ತು. ಗುರ್ ಅನ್ಲಿಲ್ಲ, ಹಲ್ಲೂ ತೋರ್ಸಲಿಲ್ಲ. "ಅಲ್ಲೇ ನಿಂತ್ಕೊಳಿ ಸರ್, ಹಿಂದೆ ಬನ್ನಿ" ಅಂದ್ರು. ನಾನು ಹಿಂದೆ ಬಂದ ತಕ್ಷಣ ಮತ್ತೆ ಜಗಿಯೋಕೆ ಶುರು ಮಾಡ್ತು.

ಆಗ ಅವ್ರು ಕೇಳಿದ್ರು, "ಗುರ್ ಅಂದಾಗ ಹಿಂದಿನ ಮನೇಲಿ ಹೊಡೀತಿದ್ರಾ?" ಚಿಕ್ಕಪ್ಪಂಗೆ ಫೋನ್ ಮಾಡಿ ಕೇಳಿದ್ವಿ, ಹೌದು, ಮರಿ ಇದ್ದಾಗಿಂದ ಗುರ್ ಅಂದ್ರೆ ಮೂತಿಗೆ ಒಂದು ಬಿಡ್ತಿದ್ವಿ, ಆಮೇಲೆ ನಿಲ್ಲಿಸ್ತು ಅಂದ್ರು. ಟ್ರೈನರ್ ವಿವರಿಸಿದ್ದು ಕೇಳಿ ಅಮ್ಮನ ಕಣ್ಣಲ್ಲಿ ನೀರು ಬಂತು. ನಾಯಿ ಕಚ್ಚೋಕೆ ಮುಂಚೆ ಎಷ್ಟೊಂದು ಹೇಳತ್ತಂತೆ, ಹಸಿವಿಲ್ದೆ ತುಟಿ ನೆಕ್ಕೋದು, ನಿದ್ದೆ ಬರ್ದೇನೇ ಆಕಳಿಸೋದು, ಮುಖ ತಿರುಗಿಸೋದು, ಮೈ ಬಿಗಿ ಮಾಡೋದು, ಆಮೇಲೆ ಗುರ್ ಅನ್ನೋದು, ಗಾಳೀಲಿ ಬಾಯಿ ಹಾಕೋದು, ಕೊನೇಗೆ ಕಚ್ಚೋದು. ಗುರ್ ಅನ್ನೋದಕ್ಕೆ ಹೊಡೆದು ಹೊಡೆದು ಬಾಯಿ ಮುಚ್ಚಿಸಿದ್ರೆ ಅದರ ಭಯ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗತ್ತೆ. ಅಂಥ ನಾಯಿನೇ ಮುಂದೊಂದಿನ "ಏನೂ ಮಾಡಿರ್ಲಿಲ್ಲ, ಇದ್ದಕ್ಕಿದ್ದ ಹಾಗೆ ಕಚ್ಬಿಡ್ತು" ಅನ್ನೋ ಸುದ್ದಿ ಆಗತ್ತೆ. ಒಡೆಯನಿಗೇ ತಿರುಗಿ ಬೀಳೋ ತಳಿ ಅಂತಾರಲ್ಲ ರಾಟ್‌ವೀಲರ್‌ನ, ಆ ಮಾತಿನ ಹಿಂದೆ ಇಂಥ ಎಷ್ಟು ಮನೆಗಳಿವೆಯೋ ಅಂತ ನನಗೆ ಅವತ್ತಿಂದ ಅನ್ನಿಸ್ತಾ ಇದೆ.

ಬಟ್ಟಲಿನ ವಿಷ್ಯಕ್ಕೆ ಕೊಟ್ಟ ಅಭ್ಯಾಸ ಎಷ್ಟು ಸರಳ ಅಂದ್ರೆ ನನಗೆ ಮೊದ್ಲು ನಂಬಿಕೆನೇ ಬರ್ಲಿಲ್ಲ. ಅದು ತಿಂತಿರೋವಾಗ ಅದು ಬಿಗಿ ಆಗದೇ ಇರೋ ಅಷ್ಟು ದೂರದಲ್ಲಿ ನಡ್ಕೊಂಡು ಹೋಗ್ತಾ ಬೇಯಿಸಿದ ಕೋಳಿ ಚೂರು ಒಂದನ್ನ ಬಟ್ಟಲ ಕಡೆ ಎಸೀಬೇಕು, ನಿಲ್ದೆ ಹೊರಟೋಗ್ಬೇಕು. ಅಷ್ಟೆ. ದಿನಾ, ಎರಡೂ ಹೊತ್ತು, ದೂರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ. ಬಟ್ಟಲಿಗೆ ಕೈ ಹಾಕಿ "ನಾನ್ ಯಜಮಾನ" ಅಂತ ತೋರಿಸೋ ಕೆಲಸ ಯಾರೂ ಮಾಡೋ ಹಾಗಿಲ್ಲ. ಈಗ ನನ್ನ ಕಾಲ್ ಸಪ್ಪಳ ಕೇಳಿದ್ರೆ ಬಟ್ಟಲಿಂದ ತಲೆ ಎತ್ತಿ, ಮೋಟು ಬಾಲದ ಜೊತೆ ಸೊಂಟ ಪೂರ್ತಿ ಅಲ್ಲಾಡಿಸ್ತಾ ನೋಡತ್ತೆ, ಏನೋ ತಂದಿರ್ತಾನೆ ಅಂತ. ಮಗಳನ್ನ ಮಾತ್ರ ಇದಕ್ಕೆ ಸೇರಿಸೋ ಹಾಗೇ ಇಲ್ಲ ಅಂತ ಖಡಕ್ಕಾಗಿ ಹೇಳಿದಾರೆ. ಊಟದ ಟೈಮಲ್ಲಿ ಮಗು ಒಳಗೆ, ನಾಯಿ ಹಿತ್ತಲಲ್ಲಿ, ಮಧ್ಯೆ ಬಾಗಿಲು. ಮಗು, ನಾಯಿ ಇಬ್ಬರೇ ಒಂದು ನಿಮಿಷಾನೂ ಇರೋ ಹಾಗಿಲ್ಲ, ನಾಯಿ ಎಷ್ಟೇ ಒಳ್ಳೇದಾಗಿರ್ಲಿ. ಇದು ರಾಟ್‌ವೀಲರ್‌ಗೆ ಮಾತ್ರ ಅಲ್ವಂತೆ, ಲ್ಯಾಬ್ರಡಾರ್ ಮನೆಗಳಲ್ಲೂ ಇದೇ ಹೇಳ್ತಾರಂತೆ.

ತಳಿ ಬಗ್ಗೆ ಅವ್ರನ್ನ ನೇರವಾಗಿ ಕೇಳ್ದೆ, ಡೇಂಜರಸ್ ತಳಿ ಅಂತ ಇದ್ಯಾ ಇಲ್ವಾ ಅಂತ. ಇಲ್ಲ ಅಂತ ಅವ್ರು ಹೇಳ್ಲಿಲ್ಲ, ಅದಕ್ಕೇ ನನಗೆ ನಂಬಿಕೆ ಬಂದಿದ್ದು. ಅವ್ರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ತಳಿ ಅನ್ನೋದು ತೂಕ ಕೊಡತ್ತೆ, ದವಡೆ ಕೊಡತ್ತೆ, ಕೆಲವು ಒಲವು ಕೊಡತ್ತೆ. ರಾಟ್‌ವೀಲರ್ ಜರ್ಮನಿಯ ರಾಟ್‌ವೀಲ್ ಊರಿಂದು, ಕಸಾಯಿಯೋರ ದನ ಹೊಡ್ಕೊಂಡು ಹೋಗೋಕೆ, ಗಾಡಿ ಎಳೆಯೋಕೆ, ಕಾವಲಿಗೆ ಇಟ್ಕೊಂಡಿದ್ದ ನಾಯಿ, ದನಾನೇ ಎದೆ ಕೊಟ್ಟು ತಳ್ಳೋ ನಾಯಿ ಮನುಷ್ಯನ್ನ ತಳ್ಳೋಕೆ ಹಿಂದೆ ಮುಂದೆ ನೋಡಲ್ಲ. ನಮ್ಮ ಮುಧೋಳ ನಾಯಿ ಬೇಟೆಗೆ ಅಂತ ಬೆಳೆಸಿದ್ದು, ಅದು ಅಪರಿಚಿತರು ಮೈ ಮುಟ್ಟೋದನ್ನ ಇಷ್ಟಪಡಲ್ಲ, ಓಡೋದು ಏನ್ ಕಂಡ್ರೂ ಅಟ್ಟಿಸ್ಕೊಂಡು ಹೋಗತ್ತೆ, ಅದನ್ನ ಎರಡು ಬೆಡ್‌ರೂಮ್ ಫ್ಲ್ಯಾಟಲ್ಲಿ ಇಟ್ಕೊಂಡು ಬೆಕ್ಕಿನ ಹಿಂದೆ ಹೋಯ್ತು ಅಂತ ದೂರೋದು ಸರಿಯಲ್ಲ. ಆದ್ರೆ ಒಂದೊಂದು ನಾಯಿ ಹೆಂಗಿರತ್ತೆ ಅನ್ನೋದನ್ನ ತಳಿ ನೋಡಿ ಹೇಳೋಕಾಗಲ್ಲ. 2022ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಅಮೆರಿಕದ ಒಂದು ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಉತ್ತರ ತಗೊಂಡು, 2 ಸಾವಿರಕ್ಕೂ ಹೆಚ್ಚು ನಾಯಿಗಳ ಜೀನ್ ಓದಿ, ನಾಯಿ ನಾಯಿಗಿರೋ ವರ್ತನೆ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ್ದು ಸುಮಾರು ಶೇ 9 ಮಾತ್ರ ಅಂತ ಹೇಳ್ತು. 2008ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಮೇಲೆ ಜಾಸ್ತಿ ರೇಗೋ ನಾಯಿಗಳ ಸಾಲಲ್ಲಿ ಮೇಲಿದ್ದಿದ್ದು ಡ್ಯಾಶ್‌ಹಂಡ್, ಚಿವಾವಾ, ಜ್ಯಾಕ್ ರಸೆಲ್. ಅದೇ ಅಧ್ಯಯನದಲ್ಲಿ ಬೇರೆ ನಾಯಿಗಳ ಮೇಲೆ ಬೀಳೋ ವಿಷ್ಯದಲ್ಲಿ ಅಕಿಟಾ, ಪಿಟ್‌ಬುಲ್ ಮುಂದಿದ್ವು, ಅದನ್ನೂ ಮುಚ್ಚಿಡಬಾರ್ದು.

ನಮ್ಮ ಬೀದೀಲೇ ನೋಡಿ, ಮೂರನೇ ಮನೆ ಪೊಮೇರಿಯನ್ ಹಾಲಿನೋನನ್ನ, ಪೇಪರ್ ಹುಡುಗನ್ನ, ನೆಂಟರ ಮಗೂನ ಎಲ್ಲರನ್ನೂ ಕಚ್ಚಿದೆ. ಎಲ್ರೂ ನಗ್ತಾರೆ, "ಚಿಕ್ಕದಾದ್ರೂ ಎಷ್ಟು ಪೌರುಷ" ಅಂತ. ಅದು ಕಚ್ಚಿದ್ರೆ ಗೀರು ಬೀಳತ್ತೆ, ಭೀಮ ಅದೇ ಸಿಟ್ಟಲ್ಲಿ ಅದೇ ಥರ ಬಾಯಿ ಹಾಕಿದ್ರೆ ಕೈ ಮೂಳೆ ಮುರಿಯತ್ತೆ. ಎರಡು ಮನೇಲೂ ಮಾಲೀಕರು ಒಂದೇ ಥರ ಅಸಡ್ಡೆ ಮಾಡಿದ್ರೆ ಒಂದ್ರಲ್ಲಿ ನಗು, ಒಂದ್ರಲ್ಲಿ ಆಸ್ಪತ್ರೆ. ಹಾಗಾಗಿ ದೊಡ್ಡ ನಾಯಿ ಸಾಕೋನಿಗೆ ತಪ್ಪು ಮಾಡೋಕೆ ಜಾಗ ಇಲ್ಲ, ಇದಿಷ್ಟೇ ನನಗೆ ಅರ್ಥ ಆಗಿರೋದು. ಬ್ರಿಟನ್ನಲ್ಲಿ 1991ರಲ್ಲೇ ಪಿಟ್‌ಬುಲ್, ಟೋಸಾ, ಡೋಗೋ ಅರ್ಜೆಂಟಿನೋ, ಫಿಲಾ ಬ್ರಸಿಲೇರೋ ಅಂತ ನಾಲ್ಕು ಥರದ ನಾಯಿ ನಿಷೇಧ ಮಾಡಿದ್ರು, ಆದ್ರೂ ನಾಯಿ ಕಚ್ಚಿ ಆಸ್ಪತ್ರೆ ಸೇರೋರ ಪ್ರಮಾಣ ಇಂಗ್ಲೆಂಡಲ್ಲಿ 1998ರಿಂದ 2018ರ ಒಳಗೆ ದುಪ್ಪಟ್ಟಾಯ್ತು. ಆಮೇಲೆ ಎಕ್ಸ್‌ಎಲ್ ಬುಲ್ಲಿ ಅಂತ ಹೊಸದೊಂದು ಬಂತು, ಜನ ಸತ್ರು, 2024ರ ಫೆಬ್ರವರಿ 1ರಿಂದ ಪರವಾನಗಿ ಇಲ್ದೆ ಅದನ್ನ ಇಟ್ಕೊಳೋದೂ ಅಪರಾಧ ಆಯ್ತು. ಕಾವಲಿಗೆ, ಗತ್ತಿಗೆ, ಹೆದರ್ಸೋಕೆ ನಾಯಿ ಬೇಕು ಅನ್ನೋ ಜನ ಒಂದು ತಳಿ ಸಿಗ್ದಿದ್ರೆ ಇನ್ನೊಂದು ಹುಡ್ಕೋತಾರೆ. ನೆದರ್ಲೆಂಡ್ಸ್‌ನೋರು 1993ರಲ್ಲಿ ಮಾಡಿದ ಪಿಟ್‌ಬುಲ್ ನಿಷೇಧಾನ 2008ರಲ್ಲಿ ವಾಪಸ್ ತಗೊಂಡ್ರು.

ಮತ್ತೆ ಸರ್ವೀಸ್‌ಗೆ ಬರ್ತೀನಿ. ಎರಡನೇ ಸಲ ಬಂದಾಗ ಅವ್ರು ಗೇಟ್ ಹತ್ರಾನೇ ತುಂಬಾ ಹೊತ್ತು ನಿಂತಿದ್ರು. ನಾವು ಭೀಮನ್ನ ಮುಂದಿನ ಪೋರ್ಟಿಕೋದಲ್ಲಿ ಕಟ್ತಿದ್ವಿ, ಎಲ್ರೂ ಹಾಗೇ ಮಾಡೋದಲ್ವಾ. ಅಲ್ಲಿ ದಿನಕ್ಕೆ ಏನೇನಾಗತ್ತೆ ಅಂತ ಲೆಕ್ಕ ಹಾಕಿಸಿದ್ರು. ಕೊರಿಯರ್‌ನೋರು, ಗ್ಯಾಸ್‌ನೋರು, ಸೊಪ್ಪಿನೋಳು, ಸ್ಕೂಲ್ ಬಿಟ್ಮೇಲೆ ಗೇಟಿಗೆ ಕಡ್ಡಿ ಎಳ್ಕೊಂಡು ಓಡೋ ಹುಡುಗ್ರು, ಬೀದಿ ನಾಯಿಗಳು. ಪ್ರತಿಯೊಬ್ರು ಬಂದಾಗ್ಲೂ ಅದು ಬೊಗಳತ್ತೆ, ಅವ್ರು ಹೊರಟೋಗ್ತಾರೆ, ಅದರ ತಲೇಲಿ "ನಾನು ಬೊಗಳಿದ್ದಕ್ಕೇ ಹೋದ್ರು" ಅಂತ ಕೂರತ್ತೆ. ಜೊತೆಗೆ ಚೈನು ಬಿಗಿ ಹಿಡಿಯತ್ತೆ, ಹತ್ತಿರ ಹೋಗೋಕೂ ಆಗಲ್ಲ ದೂರ ಹೋಗೋಕೂ ಆಗಲ್ಲ, ಸಿಟ್ಟು ದಿನಾ ದಿನಾ ಕೂಡ್ತಾ ಹೋಗತ್ತೆ. ಒಂದಿನ ಚೈನ್ ಕೊಕ್ಕೆ ಬಿಚ್ಕೊಂಡ್ರೆ? ಅವತ್ತೇ ಸಂಜೆ ಜಾಗ ಹಿತ್ತಲಿಗೆ ಬದಲಾಯ್ತು, ಪೋರ್ಟಿಕೋ ಚೈನ್ ಬಿಚ್ಚಿ ಎತ್ತಿಟ್ವಿ, ಗೇಟಿಗೆ ಒಳಗಿಂದ ಇನ್ನೊಂದು ಚಿಲಕ ಹಾಕಿಸಿದ್ವಿ. ನಾಯೀನ ಯಾವಾಗ್ಲೂ ಕಟ್ಟಾಕಿ ಓಡಾಡ್ಸದೇ ಇರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ನನಗೆ ಗೊತ್ತಾಗಿದ್ದು ಅವ್ರಿಂದಾನೇ. ಅದೇ ಥರ ನಮ್ಮ ನಾಯಿಯಿಂದ ಬೇರೆಯೋರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ದೆ ಇದ್ರೆ ಭಾರತೀಯ ನ್ಯಾಯ ಸಂಹಿತೆ 291ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಇಲ್ಲಾ 5 ಸಾವಿರದವರೆಗೆ ದಂಡ, ಇಲ್ಲಾ ಎರಡೂ.

ಮಾತಿನ ವಿಷ್ಯಾನೂ ಹೇಳ್ಬೇಕು. ಅಮ್ಮ "ಬೇಡ್ವೋ", ನನ್ನ ಹೆಂಡ್ತಿ "ನೋ", ಮಗಳು "ಸ್ಟಾಪ್", ನಾನು "ಏಯ್". ನಾಯಿಗೆ ಏನ್ ಅರ್ಥ ಆಗ್ಬೇಕು? ಎಲ್ರೂ ಕೂತು ಒಂದೊಂದಕ್ಕೆ ಒಂದೇ ಮಾತು ಅಂತ ತೀರ್ಮಾನ ಮಾಡಿದ್ವಿ, "ಬಾ", "ಕೂತ್ಕೋ", "ಬಿಡು", "ಜಾಗಕ್ಕೆ". ಫ್ರಿಜ್ ಮೇಲೆ ಬರೆದು ಅಂಟಿಸಿದೀವಿ. ಕನ್ನಡದಲ್ಲೇ ಇರ್ಲಿ, ಅಮ್ಮನಿಗೆ ಬಾಯಿಗೆ ಬರೋದೇ ಇರ್ಲಿ ಅಂತ ಟ್ರೈನರ್ ಹೇಳಿದ್ದು ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಹಗಲು ಹೊತ್ತು ಭೀಮನ ಜೊತೆ ಇರೋರು ಅಮ್ಮಾನೇ. ಅಮ್ಮ ಅವ್ರನ್ನ "ಬಾಮ್ಮ, ತಿಂಡಿ ಆಯ್ತಾ" ಅಂತ ಮಾತಾಡ್ಸೋದು, ಅವ್ರು "ಆಂಟಿ, ಮೊದ್ಲು ಭೀಮಂದು ಪಾಠ ಒಪ್ಪಿಸಿ" ಅನ್ನೋದು, ಇಷ್ಟು ಹತ್ರ ಆಗಿದಾರೆ ಈಗ.

ಮಜಲ್ ಅಂದ್ರೆ ಬಾಯಿಬುಟ್ಟಿ. ಇದರ ಬಗ್ಗೆ ನಮ್ಮಲ್ಲಿ ತಪ್ಪು ತಿಳುವಳಿಕೆ ಜಾಸ್ತಿ, ಹಾಕಿದ್ರೆ ನಾಯಿಗೆ ಹಿಂಸೆ ಅಂತ ಅಥವಾ ಇದು ಕಚ್ಚೋ ನಾಯಿ ಅಂತ ಜನ ಅಂದ್ಕೋತಾರೆ ಅಂತ. ಪೆಟ್ ಅಂಗಡೀಲಿ ಸಾಮಾನ್ಯವಾಗಿ ಕೊಡೋ ಬಟ್ಟೆ ಪಟ್ಟಿ ಥರದ್ದು ತಗೋಬೇಡಿ, ಅದು ಬಾಯಿ ಪೂರ್ತಿ ಮುಚ್ಚತ್ತೆ, ನಾಲಿಗೆ ಚಾಚಿ ಏದುಸಿರು ಬಿಡೋಕಾಗಲ್ಲ, ನಮ್ಮ ಬಿಸಿಲಲ್ಲಿ ಮೈ ಬಿಸಿ ಏರಿ ಪ್ರಾಣಕ್ಕೇ ಬರಬಹುದು. ಬುಟ್ಟಿ ಥರದ್ದು ಬೇಕು, ಒಳಗೆ ಬಾಯಿ ತೆಗೆಯೋಕೆ, ನೀರು ಕುಡಿಯೋಕೆ ಆಗ್ಬೇಕು. ನಮ್ಮದು ರಬ್ಬರ್ ಥರದ ಮೆತ್ತನೆ ಬುಟ್ಟಿ, 1400 ರೂಪಾಯಿ, ಮೂತಿ ಉದ್ದ ಸುತ್ತಳತೆ ಅಳತೆ ತಗೊಂಡು ಆನ್‌ಲೈನಲ್ಲಿ ತರಿಸಿದ್ದು. ಮೊದಲ ದಿನವೇ ಕಟ್ಟಲಿಲ್ಲ. ಒಳಗೆ ಗಟ್ಟಿ ಮೊಸರು ಬಳಿದು ಕೈಯಲ್ಲಿ ಹಿಡ್ಕೊಳೋದು, ಅದಾಗೇ ಮೂತಿ ಹಾಕಿ ನೆಕ್ಕತ್ತೆ, ತೆಗೆಯೋದು. ಹೀಗೇ ಕೆಲವು ವಾರ ಆದ್ಮೇಲೆ ಪಟ್ಟಿ ಕಟ್ಟಿದ್ದು. ಈಗ ಬುಟ್ಟಿ ಕಂಡ್ರೆ ಓಡಿ ಬಂದು ಮೂತಿ ತೂರಿಸತ್ತೆ, ಅದಕ್ಕೆ ವಾಕಿಂಗ್ ಹೊರಡೋ ಗುರುತು ಅದು. ಬೀದೀಲಿ ಪಕ್ಕದ್ಮನೆ ಅಜ್ಜಿ ಮೊದ್ಲು ನಮ್ಮನ್ನ ಕಂಡ್ರೆ ಒಳಗೆ ಹೋಗ್ತಿದ್ರು, ಈಗ ಗೇಟಲ್ಲೇ ನಿಂತು ಮಾತಾಡ್ತಾರೆ. ಅವ್ರ ಭಯಕ್ಕೆ ಬೆಲೆ ಕೊಡೋದು ನಮ್ಮ ಕೆಲಸ, "ಏನೂ ಮಾಡಲ್ಲ ಬನ್ನಿ ಅಜ್ಜಿ" ಅಂತ ಒತ್ತಾಯ ಮಾಡೋದಲ್ಲ.

ಏನ್ ಚೆನ್ನಾಗಿಲ್ಲ ಅಂತಾನೂ ಹೇಳ್ಬೇಕಲ್ಲ. ಒಂದು ಸೆಷನ್‌ಗೆ 1500, ಒಂದೂವರೆ ಗಂಟೆ, ಮೊದ್ಲಿಗೆ ವಾರಕ್ಕೊಂದು ಆಮೇಲೆ ಹದಿನೈದು ದಿನಕ್ಕೊಂದು, ಎಲ್ಲರ ಕೈಗೂ ಎಟುಕೋ ರೇಟಲ್ಲ. ಮನೆಯೋರೆಲ್ಲ ಇರ್ಲೇಬೇಕು ಅಂತಾರೆ, ನನ್ನ ಹೆಂಡ್ತಿಗೆ ಶಿಫ್ಟ್ ಇದ್ದಾಗ ಎಷ್ಟೋ ಸಲ ಮುಂದಕ್ಕೆ ಹಾಕಿದಾರೆ. ಬರೆದು ಏನೂ ಕೊಡಲ್ಲ, ನಾವೇ ಬರ್ಕೋಬೇಕು ಇಲ್ಲಾ ಮೊಬೈಲಲ್ಲಿ ವಿಡಿಯೋ ಮಾಡ್ಕೋಬೇಕು, ಒಂದು ಪುಟದ ನೋಟ್ಸ್ ಕೊಟ್ಟಿದ್ರೆ ಅಮ್ಮನಂಥೋರಿಗೆ ತುಂಬಾ ಅನುಕೂಲ ಆಗ್ತಿತ್ತು. ಭಾನುವಾರ ಮೆಸೇಜ್‌ಗೆ ಉತ್ತರ ಬರಲ್ಲ, ಒಂದು ಭಾನುವಾರ ಪಟಾಕಿ ಸದ್ದಿಗೆ ಭೀಮ ಬಚ್ಚಲಮನೆ ಸೇರ್ಕೊಂಡು ಹೊರಗೆ ಬರ್ದೇ ಇದ್ದಾಗ ಕಷ್ಟ ಆಯ್ತು. ಇಷ್ಟು ದಿನದಲ್ಲಿ ಸರಿ ಮಾಡ್ಕೊಡ್ತೀನಿ ಅಂತ ಗ್ಯಾರಂಟಿ ಕೊಡಲ್ಲ, ಆದ್ರೆ ಇದನ್ನ ನಾನು ಕೊರತೆ ಅಂತ ಎಣಿಸಲ್ಲ, ನಾಯಿ ವಿಷ್ಯದಲ್ಲಿ ಗ್ಯಾರಂಟಿ ಕೊಡೋರನ್ನ ನಂಬಲೇಬಾರ್ದು. ಮತ್ತೆ ಈಗಾಗ್ಲೇ ಮನುಷ್ಯರಿಗೆ ಆಳವಾಗಿ ಕಚ್ಚಿರೋ ನಾಯಿಗಳನ್ನ ಅವ್ರು ಒಬ್ರೇ ತಗೊಳಲ್ಲ, ಪಶುವೈದ್ಯರ ಜೊತೆ ಸೇರಿ ಮಾತ್ರ, ಕೆಲವಕ್ಕೆ ಔಷಧಿ ಬೇಕಾಗತ್ತೆ, ಕೆಲವು ಯಾವತ್ತೂ ಮಕ್ಕಳಿರೋ ಮನೇಲಿ ಇರೋಕಾಗಲ್ಲ ಅಂತ ಬಾಯಿಬಿಟ್ಟು ಹೇಳ್ತಾರೆ.

ಮರಿ ತಗೋಬೇಕು ಅಂತಿರೋರಿಗೆ ಅವ್ರು ಬೇರೆ ಸೆಷನ್ ಮಾಡ್ತಾರೆ, ಮರಿ ತರೋಕೆ ಮುಂಚೇನೇ ಕರೆಸಿ ಅಂತಾರೆ. ನನ್ನ ಸಹೋದ್ಯೋಗಿ ಒಬ್ರು ಅದನ್ನ ತಗೊಂಡ್ರು, ನಾನೂ ಜೊತೇಲಿ ಕೂತಿದ್ದೆ. ಮೂರು ವಾರದಿಂದ ಹದಿನಾಲ್ಕು ವಾರದವರೆಗೆ ಮರಿ ಏನೇನು ನೋಡತ್ತೋ ಅದನ್ನೇ ಲೋಕ ಅಂದ್ಕೊಳತ್ತಂತೆ. ಆ ಟೈಮಲ್ಲಿ ಮಕ್ಕಳು, ಕೋಲು ಹಿಡಿದಿರೋ ವಯಸ್ಸಾದೋರು, ಹೆಲ್ಮೆಟ್ ಹಾಕಿರೋರು, ಮಿಕ್ಸಿ ಸದ್ದು, ಆಟೋ ಸದ್ದು ಎಲ್ಲಾ ಭಯ ಇಲ್ದೆ ನೋಡ್ಬೇಕು, ಇಂಜೆಕ್ಷನ್ ಪೂರ್ತಿ ಆಗಿರಲ್ಲ ಅಂದ್ರೆ ಎತ್ಕೊಂಡಾದ್ರೂ ತೋರಿಸ್ಬೇಕು. ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ ಅಂತ 2017ರ ಶ್ವಾನ ಸಂತಾನೋತ್ಪತ್ತಿ ನಿಯಮಗಳಲ್ಲೇ ಇದೆ, ಆದ್ರೂ ತಿಂಗಳ ಮರೀನ ರಟ್ಟಿನ ಡಬ್ಬದಲ್ಲಿಟ್ಟು ಮಾರ್ತಾರೆ, ತಾಯಿ ಹತ್ರ, ಒಡಹುಟ್ಟಿದೋರ ಹತ್ರ ಆಡ್ತಾ ಬಾಯಿ ಎಷ್ಟು ಬಿಗಿ ಮಾಡ್ಬೇಕು ಅಂತ ಕಲಿಯೋ ವಯಸ್ಸನ್ನೇ ಕಿತ್ಕೊಂಡ ಹಾಗೆ. ತಾಯಿ ನಾಯೀನ ತೋರಿಸ್ದೆ ಇರೋ ಕಡೆ ಮರಿ ತಗೋಬೇಡಿ, ತಾಯಿ ನಿಮ್ಮನ್ನ ಕಂಡು ಹೆದರಿ ಮೂಲೆ ಸೇರಿದ್ರೂ ತಗೋಬೇಡಿ ಅನ್ನೋದು ಅವ್ರ ಮಾತು. ನನ್ನ ಸಹೋದ್ಯೋಗಿ ರಾಟ್‌ವೀಲರ್ ಬೇಕು ಅಂತ ಹೋದೋರು, ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರೋ ಗಂಡ ಹೆಂಡ್ತಿ. ಟ್ರೈನರ್ ಫೀಸ್ ತಗೊಂಡ ಮೇಲೂ "ಈಗ ಯಾವ ನಾಯೀನೂ ಬೇಡ ಸರ್, ಕೆಲಸದ ಟೈಮ್ ಬದಲಾದ್ಮೇಲೆ ಫೋನ್ ಮಾಡಿ" ಅಂತ ಹೇಳಿ ಕಳಿಸಿದ್ರು. ಅವ್ರು ಬೇಜಾರು ಮಾಡ್ಕೊಂಡ್ರು, ನನಗೆ ಮಾತ್ರ ಆ ಹೆಣ್ಣುಮಗಳ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ನನ್ನ ರೇಟಿಂಗ್ 5ಕ್ಕೆ ನಾಲ್ಕೂವರೆ, ಆ ಅರ್ಧ ಕಡಿತ ನೋಟ್ಸ್ ಕೊಡ್ದೇ ಇರೋದಕ್ಕೆ. ಯಾರಿಗಾದ್ರೂ ಬೇಕಿದ್ರೆ ನಿಮ್ಮ ಪಶುವೈದ್ಯರ ಹತ್ರ ಹೊಡೆಯದೆ, ಮುಳ್ಳು ಕಾಲರ್ ಹಾಕದೆ ಮನೆಗೆ ಬಂದು ಕಲಿಸೋರು ಯಾರಿದಾರೆ ಅಂತ ಕೇಳಿ, ಮೈಸೂರಿನ ಡಾಕ್ಟ್ರುಗಳಲ್ಲಿ ಕೆಲವ್ರಿಗೆ ಇವ್ರ ನಂಬರ್ ಗೊತ್ತು. ಬೇರೆ ಊರಿನೋರಾದ್ರೆ ಟ್ರೈನರ್‌ಗೆ ಫೋನ್ ಮಾಡಿದಾಗ ನಾಯಿ ಗುರ್ ಅಂದ್ರೆ ನೀವೇನ್ ಮಾಡ್ತೀರಾ ಅಂತ ಒಂದು ಪ್ರಶ್ನೆ ಕೇಳಿ ನೋಡಿ, "ಒಂದು ಏಟು ಬಿದ್ರೆ ಸರಿ ಹೋಗತ್ತೆ" ಅಂದ್ರೆ ಅಲ್ಲೇ ಫೋನ್ ಇಟ್ಬಿಡಿ. ಮನೇಲಿ ಎಲ್ಲರ ಎದುರಿಗೇ ಟ್ರೈನಿಂಗ್ ಮಾಡ್ತೀರಾ ಅಂತಾನೂ ಕೇಳಿ.